ಮೆಟ್ಟಿಲ ತಿರುವಿನ ದೇವರುಗಳು

ಖ್ಯಾಆಕ್. ಒಂದು ಗಳಿಗೆ ಮೌನ. ಆಮೇಲೆ ಪಿಚಕ್.

ಮಧುಗಿರಿಯ ಆ ಬಾಡಿಗೆ ಮನೆಯನ್ನು ನೆನೆದರೆ ಮೊದಲು ಕಿವಿಗೆ ಬರುವುದು ಈ ಸದ್ದು. ಹಾಲಿನವನ ಬೆಲ್ಲು, ಕಸದ ಗಾಡಿಯ ಮೈಕು, ಬೆಟ್ಟದ ಕಡೆಯಿಂದ ನವಿಲಿನ ಕೂಗು, ಎಲ್ಲವೂ ಅದರ ಹಿಂದಿನಿಂದ. ನಡುವಿನ ಆ ಮೌನದಲ್ಲಿ ಮನುಷ್ಯ ಏನನ್ನು ಯೋಚಿಸುತ್ತಿರಬಹುದು ಎಂದು ಹಾಸಿಗೆಯಲ್ಲೇ ಮಲಗಿ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಪಶ್ಚಾತ್ತಾಪವಿರಬಹುದೇ? ನೋ, ಮೈ ಡಿಯರ್. ಮೆಟ್ಟಿಲ ಮೇಲೆ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದರು, ಅಷ್ಟೇ.

ಹೀಗೆ ದಿನಾ ಬೆಳಿಗ್ಗೆ ಮೆಟ್ಟಿಲ ತಿರುವಿನಲ್ಲಿ ಉಗಿಯುತ್ತಿದ್ದವರು ಬೇರೆ ಯಾರೂ ಅಲ್ಲ, ಕಟ್ಟಡದ ಓನರ್. ಸ್ವಂತ ಕಟ್ಟಡಕ್ಕೆ ಸ್ವಂತ ಬಾಯಿಂದ. ಎದ್ದ ಕೂಡಲೇ ಎಲೆ, ಅಡಿಕೆ, ಹೊಗೆಸೊಪ್ಪು ದವಡೆಗೆ ಸೇರಬೇಕು. ಅದನ್ನು ಅಗಿಯುತ್ತ ಮಾಳಿಗೆಯ ಮೇಲಿನ ಟ್ಯಾಂಕು ತುಂಬಿತೋ ಇಲ್ಲವೋ ಎಂದು ನೋಡಲು ಮೆಟ್ಟಿಲು ಹತ್ತಬೇಕು. ತಿರುವಿಗೆ ಬರುವ ಹೊತ್ತಿಗೆ ಬಾಯಿ ತುಂಬಿರುತ್ತಿತ್ತು. ಟ್ಯಾಂಕು ತುಂಬಿರಲಿ ಬಿಡಲಿ, ತಿರುವಿನ ಗೋಡೆ ಮಾತ್ರ ಎಂದೂ ಬರಿದಾಗಿರಲಿಲ್ಲ. ನಾನು ಬಂದು ಸೇರಿದಾಗ ಅದು ಸುಣ್ಣದ ಗೋಡೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಅದು ಯಾವುದೋ ಮಾಡರ್ನ್ ಆರ್ಟ್ ಇರಬೇಕು ಎಂದುಕೊಂಡಿದ್ದೆ.

ಕಟ್ಟಡ ದೊಡ್ಡದೇನಲ್ಲ. ಕೆಳಗೆ ಓನರ್ ಮತ್ತು ಅವರ ಹೆಂಡತಿ. ಮೊದಲ ಮಹಡಿಯಲ್ಲಿ ಎರಡು ಪೋರ್ಷನ್, ಒಂದರಲ್ಲಿ ನಾನು. ಮೇಲೆ ಮಾಳಿಗೆ. ಎಲ್ಲಕ್ಕೂ ಸೇರಿ ಒಂದೇ ಮೆಟ್ಟಿಲು, ಹಗಲಲ್ಲೂ ಲೈಟು ಹಾಕಬೇಕಾದಂಥದ್ದು. ನನ್ನ ಕಿಟಕಿಯ ತುಂಬ ಬೆಟ್ಟದ ಬಂಡೆ. ಬೇಸಿಗೆಯಲ್ಲಿ ಆ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಮಗೆ ವಾಪಸು ಕೊಡುತ್ತಿತ್ತು. ಆದರೂ ನನಗೆ ಆ ಕಿಟಕಿ ಇಷ್ಟ. ನನ್ನದು ಬಾಡಿಗೆ ಮನೆಗಳ ಜನ್ಮ. ಅಪ್ಪನಿಗೆ ಊರೂರು ಟ್ರಾನ್ಸ್‌ಫರ್. ಆಮೇಲೆ ನಾನೇ ಇಂಗ್ಲಿಷ್ ಟೀಚರಾಗಿ ಶಿರಾ, ಕೊರಟಗೆರೆ, ಮಧುಗಿರಿ ಎಂದು ತಿರುಗಿ ರಿಟೈರಾದವಳು. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. ಎರಡಕ್ಕೂ ಬೇಕಾದ ಧೈರ್ಯ ಒಂದೇ ತರಹದ್ದು ಅಂತ ಕಾಣುತ್ತದೆ.

ನನ್ನನ್ನು ಓದಿಸಿದ್ದು ಕಾನ್ವೆಂಟು. ಅಲ್ಲಿ ಒಬ್ಬ ಸಿಸ್ಟರ್ ಇದ್ದರು. ಶನಿವಾರ ಬಿಳಿ ಕರ್ಚೀಫನ್ನು ಕಿಟಕಿಯ ಅಂಚಿನ ಮೇಲೆ ಎಳೆದು, ಅದನ್ನು ನಮ್ಮ ಮೂಗಿನ ಮುಂದೆ ಹಿಡಿದು, “ವಾಟ್ ಈಸ್ ದಿಸ್, ಚೈಲ್ಡ್?” ಎನ್ನುತ್ತಿದ್ದರು. ಆ ಕರ್ಚೀಫಿನ ಹೆದರಿಕೆ ಈ ವಯಸ್ಸಿನಲ್ಲೂ ಹೋಗಿಲ್ಲ. ಅಂಥ ನಾನು ದಿನಾ ಸೀರೆ ಎತ್ತಿ ಹಿಡಿದು, ಗೋಡೆಗೆ ತಾಗದಂತೆ, ಉಸಿರು ಬಿಗಿಹಿಡಿದು ಆ ತಿರುವು ದಾಟಬೇಕು! ಒಂದು ದಿನ ತಡೆಯಲಾರದೆ ಓನರ್ ಹತ್ತಿರ ಮಾತೆತ್ತಿದೆ. ಯಾರು ಉಗಿಯುತ್ತಾರೆ ಎಂದು ಹೇಳಲಿಲ್ಲ. ಮ್ಯಾನರ್ಸ್ ಎನ್ನುವುದೊಂದು ಇದೆಯಲ್ಲ.

“ಮೆಟ್ಟಿಲು ಬಹಳ ಗಲೀಜಾಗಿದೆ. ಕ್ಲೀನ್ ಮಾಡಿಸಬೇಕಲ್ಲ?”

“ಮಾಡ್ಸಿ ಮೇಡಂ, ಯಾರ್ ಬ್ಯಾಡ ಅಂದೋರು?”

“ನಾನಲ್ಲ, ನೀವು. ಅದು ಕಾಮನ್ ಏರಿಯಾ.”

“ಬಾಗ್ಲೊಳ್ಗೆ ನಿಮ್ದು. ಬಾಗ್ಲಿಂದಾಚ್ಗೆ ಓಡಾಡೋರೂ ನೀವೇ. ನಾವು ಕೆಳ್ಗಿರೋರು ಮೇಡಂ, ಮೆಟ್ಲು ನಮ್ಗ್ಯಾಕೆ?”

“ಟ್ಯಾಂಕು ನೋಡಲು ದಿನಾ ಹತ್ತುತ್ತೀರಲ್ಲ?”

“ಅದು ನಿಮ್ ನೀರಿಗೇ ಅಲ್ವಾ?” ಎಂದು ಅವರು ನಕ್ಕರು. ನಕ್ಕ ಬಾಯಿ ಗೋಡೆಯ ಬಣ್ಣವೇ.

ಕರಾರಿನಲ್ಲಿ “ಮನೆಯನ್ನು ಶುಚಿಯಾಗಿಟ್ಟುಕೊಳ್ಳತಕ್ಕದ್ದು” ಎಂದು ಬರೆದಿತ್ತು. ಮೆಟ್ಟಿಲು ಮನೆಯೋ ಬೀದಿಯೋ ಎಂದು ಬರೆದಿರಲಿಲ್ಲ. ಹಾಗಾಗಿ ನಾವು ಬಾಡಿಗೆಯವರು ಅದನ್ನು ಬೀದಿ ಎಂದುಕೊಂಡೆವು, ಓನರ್ ಅದನ್ನು ಮನೆ ಎಂದುಕೊಂಡರು. ಬೆಳಿಗ್ಗೆ ನಮ್ಮ ನಮ್ಮ ಹೊಸ್ತಿಲ ಮುಂದೆ ಚೊಂಬು ನೀರು ಹಾಕಿ, ಗುಡಿಸಿ, ರಂಗೋಲಿ ಎಳೆಯುತ್ತಿದ್ದೆವು. ಆ ಕೊಳೆನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಿರುವಿನಲ್ಲಿ ನಿಂತು ಅಲ್ಲಿನ ಕೆಂಪಿನ ಜೊತೆ ಬೆರೆಯುತ್ತಿತ್ತು. ಓನರ್ ಆಂಟಿ ತಮ್ಮ ಬಾಗಿಲ ಮುಂದೆ ಬಳಿದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಮೇಲಿನವರ ಪೊರಕೆಯೂ ಕೆಳಗಿನವರ ಪೊರಕೆಯೂ ಒಂದನ್ನೊಂದು ಎಂದೂ ಭೇಟಿಯಾಗಲಿಲ್ಲ. ನಡುವೆ ಆ ತಿರುವು ನೋ ಮ್ಯಾನ್ಸ್ ಲ್ಯಾಂಡ್.

ಓನರ್ ಆಂಟಿ ಎಂದೆನಲ್ಲ, ಆಕೆ ನನಗಿಂತ ಚಿಕ್ಕವರು. ಆದರೂ ಬೀದಿಗೆಲ್ಲ ಆಂಟಿ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ತವರು ಶಿರಾ ಕಡೆಯ ಗೌಡಗೆರೆ. ಕಡಲೆಕಾಯಿ ಕಿತ್ತ ಕಾಲಕ್ಕೆ ಅಲ್ಲಿಂದ ಮೂಟೆಗಳು ಬರುತ್ತಿದ್ದವು, ಕಾಯನ್ನು ಮಾಳಿಗೆಯ ಮೇಲೆ ಒಣಗಲು ಹರಡುತ್ತಿದ್ದರು. ಮೂಟೆ ಏರುವಾಗ, ಇಳಿಯುವಾಗ ಮೆಟ್ಟಿಲ ಉದ್ದಕ್ಕೂ ಕೆಂಪು ಮಣ್ಣು. ನಾನು ಮುಖ ಸಿಂಡರಿಸಿದ್ದನ್ನು ಆಂಟಿ ನೋಡಿಬಿಟ್ಟರು.

“ಅದು ಕಸ ಅಲ್ಲ ಕಣಮ್ಮ, ನಮ್ ತವ್ರುಮನೆ ಮಣ್ಣು,” ಎಂದರು. ಆ ಭಾವಕ್ಕೆ ಪೊರಕೆ ಹಾಕುವುದು ಹೇಗೆ?

ಹೀಗಿದ್ದಾಗ ಪಕ್ಕದ ಪೋರ್ಷನ್ನಿಗೆ ಒಂದು ಹುಡುಗಿ ಬಂದಳು. ಪಾವಗಡದ ಆಚೆಯ ಹಳ್ಳಿಯವಳು. ಹೊಸದಾಗಿ ಮದುವೆಯಾದವಳು, ಗಂಡ ಇಲ್ಲೇ ಹತ್ತಿರದ ಸ್ಕೂಲಿನಲ್ಲಿ ಮೇಷ್ಟರು. ಮೊದಲ ದಿನವೇ ನನ್ನನ್ನು “ಅವ್ವಾ” ಎಂದಳು. ಅವಳ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರಂತೆ, ನಮ್ಮ ಕಡೆ ತಾಯಿಯನ್ನು. ಎರಡೂ ಅಲ್ಲದ ನಾನು ಹೂಂ ಎಂದೆ.

ಮಧ್ಯಾಹ್ನ ಊಟವಾದ ಮೇಲೆ ನನ್ನ ಮನೆಗೆ ಬಂದು ಕಿಟಕಿಯ ಹತ್ತಿರ ಕೂರುತ್ತಿದ್ದಳು. ಬಿ.ಎ. ಅರ್ಧಕ್ಕೆ ನಿಂತಿತ್ತು, ಇಂಗ್ಲಿಷ್ ಪೇಪರು ಬಾಕಿ. ನಾನು ಪಾಠ ಹೇಳಿಕೊಡುತ್ತಿದ್ದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು, ಸುಲಿದದ್ದರಲ್ಲಿ ಅರ್ಧ ನನಗೆ ಬಿಟ್ಟು ಹೋಗುತ್ತಿದ್ದಳು. ಅತ್ತೆಯ ಮನೆ ದೊಡ್ಡ ಸಂಸಾರ, ವಾರಗಿತ್ತಿಯರು, ಮಕ್ಕಳು, ಬಂದುಹೋಗುವವರು. “ಅಲ್ಲಿ ಸ್ನಾನದ ಮನಿಗ್ ಬಿಟ್ರೆ ಯಾವುದಕ್ಕೂ ಚಿಲ್ಕ ಇಲ್ಲವ್ವಾ,” ಎಂದು ಒಮ್ಮೆ ಹೇಳಿದಳು. “ಇಲ್ಲಿ ನಂದೂ ಅಂತ ಒಂದ್ ಬಾಗ್ಲು ಐತೆ. ಬೀಗ ಹಾಕ್ತೀನಿ, ತೆಗೀತೀನಿ. ಸುಮ್ಸುಮ್ನೆ ಒಂದೊಂದ್ಸಲ ಹಾಕಿ ತೆಗೀತೀನಿ.”

ಅವಳು ಬಸುರಿಯಾದಾಗ ಆ ಬಾಗಿಲಿಗೇ ಕುತ್ತು ಬಂತು. ಹೆರಿಗೆಗೆ ಹೇಗೂ ತವರಿಗೆ ಹೋಗಬೇಕು. ಆಮೇಲೆ ಮಗುವನ್ನು ಎತ್ತಿಕೊಂಡು ಎಲ್ಲಿಗೆ? ತನ್ನ ಮನೆಗೇ ಎಂದು ಇವಳು. ದೊಡ್ಡ ಮನೆಗೆ ಎಂದು ಅತ್ತೆ. ಮೇಷ್ಟರು ಇಬ್ಬರಿಗೂ ಹೂಂ ಅನ್ನುವ ಜಾತಿ. ಕೊನೆಗೆ ಅತ್ತೆಯೇ ಒಂದು ತೀರ್ಮಾನಕ್ಕೆ ಬಂದರಂತೆ: ಸೀಮಂತಕ್ಕೆ ಮುಂಚೆ ತಾನೇ ಬಂದು ಮನೆ ನೋಡುತ್ತೇನೆ, ಬಾಣಂತಿ ಕೂಸು ಇರುವಂಥ ಜಾಗ ಎಂದು ತನಗೆ ಅನ್ನಿಸಿದರೆ ಇರಲಿ, ಇಲ್ಲದಿದ್ದರೆ ಸಾಮಾನು ಕಟ್ಟಿ. ಇನ್‌ಸ್ಪೆಕ್ಷನ್ ಎಂದರೆ ಇದು. ನನ್ನ ಸರ್ವೀಸಿನಲ್ಲಿ ನೋಡಿದ ಇನ್‌ಸ್ಪೆಕ್ಟರುಗಳೆಲ್ಲ ಇದರ ಮುಂದೆ ಏನೂ ಅಲ್ಲ.

ಹುಡುಗಿ ತನ್ನ ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದಳು. ಹೆದರಿಕೆ ಮೆಟ್ಟಿಲದ್ದು. “ಆ ತಿರುವು ನೋಡಿದ್ರೆ ಅತ್ತೆ ಮೇಲಕ್ಕೇ ಬರಲ್ಲ ಅವ್ವಾ. ಅಲ್ಲೇ ನಿಂತು ‘ಪದ’ ಅಂತಾರೆ.” ಪದ ಎಂದರೆ ಅವರ ತೆಲುಗಿನಲ್ಲಿ ನಡಿ ಎಂದು. ಒಂದು ದಿನ ಬಕೆಟ್ಟು, ಬ್ರಷ್ಷು ಹಿಡಿದು ತಾನೇ ಉಜ್ಜಲು ಕೂತುಬಿಟ್ಟಳು. ನಾನು ಕೈ ಹಿಡಿದು ಎಬ್ಬಿಸಿ ನೇರ ಕೆಳಗೆ ಕರೆದುಕೊಂಡು ಹೋದೆ.

“ಈ ಹುಡುಗಿಯ ಅತ್ತೆ ಬರುತ್ತಾರೆ. ಈ ಸ್ಥಿತಿಯಲ್ಲಿ ಇವಳು ನಿಮ್ಮ ಗೋಡೆ ಉಜ್ಜಬೇಕೇ? ದಿಸ್ ಈಸ್ ಡಿಸ್‌ಗ್ರೇಸ್‌ಫುಲ್.”

ಓನರ್‌ಗೆ ಇಂಗ್ಲಿಷ್ ತಿಳಿಯದಿದ್ದರೂ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು. “ಯಾರೋ ಬಾಡಿಗೆಯೋರ ಮನೆಗ್ ಬರೋ ಜನ ಉಗೀತಾರೆ, ನಾನೇನ್ ಮಾಡ್ಲಿ?” ಎಂದು ನೇರ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ನಾನು ಆ ಧೈರ್ಯಕ್ಕೆ ಬೆರಗಾದೆ. ಆಂಟಿ ಒಳಗಿನಿಂದ ಕೆಮ್ಮಿದರು. ಆ ಕೆಮ್ಮಿಗೋ ಏನೋ, ಓನರ್ ಸ್ವಲ್ಪ ಮೆತ್ತಗಾದರು. “ಆಯ್ತು ಬುಡಿ. ಹೊಳವನಹಳ್ಳೀಲಿ ನಮ್ ಷಡ್ಕ ಒಂದ್ ಐಡಿಯಾ ಮಾಡವ್ನೆ. ಅದ್ನೇ ಮಾಡ್ಸ್ತೀನಿ. ಇನ್ನು ಒಬ್ನು ಉಗುದ್ರೆ ಕೇಳಿ.”

ಮುಂದಿನ ವಾರ ಗಾರೆಯವನು ಬಂದ. ತಿರುವಿನ ಗೋಡೆ ಕೆರೆದು, ಸುಣ್ಣ ಬಳಿದು, ನಡುವೆ ಸಾಲಾಗಿ ದೇವರ ಟೈಲ್ಸ್ ಕೂರಿಸಿದ. ಗಣಪತಿ, ವೆಂಕಟರಮಣ, ಲಕ್ಷ್ಮಿ, ಪಕ್ಕದಲ್ಲಿ ಒಂದು ಮಸೀದಿಯ ಚಿತ್ರ, ಕೊನೆಗೆ ಒಂದು ಶಿಲುಬೆ. ಓನರ್ ಶಿಲುಬೆಯನ್ನು ತೋರಿಸಿ, “ನಿಮ್ದೂ ಒಂದಿರ್ಲಿ ಅಂತ ಹಾಕ್ಸ್ದೆ ಮೇಡಂ,” ಎಂದರು. ನಮ್ಮ ಮನೆಯಲ್ಲಿ ಅಮ್ಮ ಏಕಾದಶಿಗೆ ನೀರು ಕೂಡ ಮುಟ್ಟುತ್ತಿರಲಿಲ್ಲ. ಆದರೆ ಇಷ್ಟು ಇಂಗ್ಲಿಷ್ ಮಾತಾಡುವವಳು ಬೇರೆ ಏನು ಇರಲು ಸಾಧ್ಯ? ಥ್ಯಾಂಕ್ಯೂ ಎಂದೆ.

ಉಗಿಯುವುದು ನಿಂತಿತು, ಆಫ್ ಕೋರ್ಸ್. ಹೊರಗಿನವರು ಉಗಿಯುತ್ತಿದ್ದರಂತಲ್ಲ, ಅವರೆಲ್ಲ ಒಂದೇ ದಿನಕ್ಕೆ ಸುಧಾರಿಸಿಬಿಟ್ಟರು. ಬೆಳಗಿನ ಸದ್ದು ಮಾತ್ರ ಒಂದು ಮಹಡಿ ಮೇಲೆ ಹೋಯಿತು. ಈಗ ಅದು ಮಾಳಿಗೆಯ ಬಾಗಿಲ ಪಕ್ಕದಿಂದ ಕೇಳುತ್ತಿತ್ತು. ಹುಡುಗಿ ಆ ಬಿಳಿ ಗೋಡೆಯನ್ನು ನೋಡಿ ನನ್ನ ಭುಜಕ್ಕೆ ತಲೆ ಆನಿಸಿ ನಕ್ಕಳು. ನಾನೂ ನಕ್ಕೆ. ಸಿಸ್ಟರ್ ಇದ್ದಿದ್ದರೆ ಕರ್ಚೀಫು ಬಿಳಿಯಾಗಿಯೇ ಬರುತ್ತಿತ್ತು.

ಆದರೆ ನಮ್ಮ ಜನಕ್ಕೆ ದೇವರನ್ನು ಸುಮ್ಮನೆ ಗೋಡೆಯ ಕಾವಲಿಗೆ ಬಿಟ್ಟು ಗೊತ್ತಿಲ್ಲ. ಮೊದಲ ಶುಕ್ರವಾರವೇ ಆಂಟಿ ಟೈಲ್ಸಿಗೆ ಅರಿಶಿನ ಕುಂಕುಮ ಹಚ್ಚಿ, ಮೆಟ್ಟಿಲ ಮೇಲೆ ದೀಪ ಇಟ್ಟರು. “ಕೂರ್ಸಿದ್ ಮ್ಯಾಲೆ ಅಂಗೇ ಬುಡಕಾಯ್ತದಾ?” ಎಂದು ನ್ಯಾಯ ಹೇಳಿದರು. ದೀಪದ ಎಣ್ಣೆ ಮೆಟ್ಟಿಲಿಗೆ ಇಳಿಯಿತು. ಕರ್ಪೂರದ ಹೊಗೆಗೆ ಗೋಡೆ ಕಪ್ಪಾಯಿತು. ಹೂವು ಬಾಡಿದರೂ ತೆಗೆಯುವಂತಿಲ್ಲ, ದೇವರ ಮೇಲಿಂದ ಬಿದ್ದದ್ದನ್ನು ಕಸಕ್ಕೆ ಹಾಕುವುದುಂಟೇ? ತೆಂಗಿನಕಾಯಿ ಹೋಳಿಗೆ ಇರುವೆ ಬಂತು, ಇರುವೆಯ ಹಿಂದೆ ಹೆಗ್ಗಣ ಬಂತು. ತಿರುವಿಗಿಂತ ಮುಂಚೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ದಾಟಬೇಕೆಂದು ಹೊಸ ಕಾಯಿದೆಯಾಯಿತು. ಈ ವಯಸ್ಸಿನಲ್ಲಿ ಎಣ್ಣೆಯ ಮೆಟ್ಟಿಲ ಮೇಲೆ ಬರಿಗಾಲಿನಲ್ಲಿ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕಂಬಿ. ಸರ್ಕಸ್ಸಿನವರು ನೋಡಿದ್ದರೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ಇನ್ನೊಂದು ಉಪದ್ರವವನ್ನು ಯಾರೂ ಯೋಚಿಸಿರಲಿಲ್ಲ. ಗಾಜು ಒಡೆದ ದೇವರ ಫೋಟೋಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಎಸೆಯುವಂತಿಲ್ಲ. ಜನ ಅವನ್ನು ಅರಳಿಕಟ್ಟೆಗೆ ಇಟ್ಟು ಬರುತ್ತಾರೆ. ನಮ್ಮ ಬೀದಿಯವರಿಗೆ ಅರಳಿಕಟ್ಟೆ ದೂರ, ನಮ್ಮ ಮೆಟ್ಟಿಲು ಹತ್ತಿರ. ಒಂದು ದಿನ ಒಂದು ಸರಸ್ವತಿ ಬಂದು ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಗೆದ್ದಲು ಹಿಡಿದ ಚೌಕಟ್ಟಿನಲ್ಲಿ ಒಬ್ಬ ಆಂಜನೇಯ. ಆಮೇಲೆ ಹೋದ ವರ್ಷದ ಕ್ಯಾಲೆಂಡರುಗಳ ಕಟ್ಟು, ಅದರ ಮೇಲೆ ದೇವರು ಇದ್ದಾನಲ್ಲ ಎಂದು. ಗಲೀಜು ಅಷ್ಟೇ ಇತ್ತು, ಮೊದಲಿಗಿಂತ ಹೆಚ್ಚೇ ಇತ್ತು. ವ್ಯತ್ಯಾಸ ಒಂದೇ: ಈಗ ಅದಕ್ಕೆ ಕೈ ಮುಗಿಯಬೇಕಿತ್ತು.

ಹುಡುಗಿ ಒಂದು ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಎಣ್ಣೆ ಒರೆಸಲು ಹೋದಳು. ಕೆಳಗಿನಿಂದ ಆಂಟಿಯ ಕೂಗು.

“ಲೇ ಹುಡ್ಗೀ, ಅದೇನೇ ಕೈಯಾಗೆ? ಹಳೇ ನೈಟಿನಾ? ಉಟ್ ಬಿಟ್ಟಿದ್ ಬಟ್ಟೇಲಿ ದೇವ್ರ ಜಾಗ ಒರುಸ್ತಿಯಾ?”

“ಮತ್ತೆ ಯಾವ್ದ್ರಲ್ಲಿ ಒರಸ್ಲಿ ಆಂಟಿ? ಪೊರಕೆ ತಂದ್ರೂ ಬೈತೀರಿ.”

“ಒರ್ಸೋದೇ ಬ್ಯಾಡ. ಇರ್ಲಿ ಬುಡು, ದೇವ್ರಿಗೇನು ನಮ್ಮಂಗೆ ಗಲೀಜಾಯ್ತದಾ?”

ಈ ಪ್ರಶ್ನೆಗೆ ಕಾನ್ವೆಂಟಿನಲ್ಲಿ ನಮಗೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಅತ್ತೆ ಬಂದದ್ದು ಇದಾದ ಸ್ವಲ್ಪ ದಿನಕ್ಕೆ. ಹುಡುಗಿ ಹಿಂದಿನ ದಿನ ಆಂಟಿ ಸಂತೆಗೆ ಹೋದ ಹೊತ್ತು ನೋಡಿ ಹೊಸ ಟವಲಿನಲ್ಲಿ ಮೆಟ್ಟಿಲ ಎಣ್ಣೆ ಒರೆಸಿದ್ದಳು. ಬಾಡಿದ ಹೂವನ್ನೆಲ್ಲ ನಾನು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ತುಂಬಿ ಹೊರಗೆ ಸಾಗಿಸಿದ್ದೆ. ಒಡೆದ ಫೋಟೋಗಳನ್ನು ಮಾತ್ರ ಮುಟ್ಟಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಸಾಲಾಗಿ ನಿಲ್ಲಿಸಿದೆವು. ಅಷ್ಟಾದರೂ ಡೀಸೆಂಟಾಗಿ ಕಾಣಲಿ ಎಂದು.

ಅತ್ತೆ ಗಟ್ಟಿಮುಟ್ಟಾದ ಹೆಂಗಸು, ಕೆಟ್ಟವರಲ್ಲ. ಸೊಸೆಗೆಂದು ತಂಬಿಟ್ಟು ಕಟ್ಟಿಕೊಂಡು ಬಂದಿದ್ದರು. ತಿರುವಿನಲ್ಲಿ ನಿಂತರು. ಹುಡುಗಿ ಮೇಲಿನ ಮೆಟ್ಟಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದಳು. ಅತ್ತೆಗೆ ಗಲೀಜು ಕಣ್ಣಿಗೆ ಬೀಳಲೇ ಇಲ್ಲ. ಚಪ್ಪಲಿ ಬಿಚ್ಚಿ, ಲಕ್ಷ್ಮಿಯ ಟೈಲ್ಸ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ರೆಪ್ಪೆಯ ಮೇಲೆ ಕರ್ಪೂರದ ಮಸಿ ಹತ್ತಿತು. ಹುಡುಗಿ ನನ್ನ ಕಡೆ ನೋಡಿದಳು, ಮುಖ ಅರಳಿತ್ತು. ಪಾಸಾದೆವು ಎಂದು ನಾನೂ ಅಂದುಕೊಂಡೆ.

ಮನೆಯನ್ನು ನೋಡಿದರು, ಅಡಿಗೆ ಮನೆ ನೋಡಿದರು, ತಲೆಯಾಡಿಸಿದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟು, “ಮನೆ ಬಾಗೈತೆ ತಲ್ಲಿ, ಚೆನ್ನಾಗೈತೆ,” ಎಂದರು. “ಆದ್ರೆ ಇಲ್ಲಿ ಇರಾಕಾಗಲ್ಲ.”

“ಯಾಕತ್ತೇ?”

“ಆ ದೇವುಳ್ಳು ಅದಾವಲ್ಲ ಮೆಟ್ಲಾಗೆ! ಬಾಣಂತಿ ಹೆಂಗ್ ದಾಟ್ಕಂಡ್ ಬರ್ತೀಯ? ತಿಂಗ್ಳ ತಿಂಗ್ಳ ಹೊರ್ಗಾದಾಗ ಹೆಂಗ್ ಇಳೀತೀಯ? ಕೂಸಿನ ಉಚ್ಚೆ ಬಟ್ಟೆ ವೆಂಕಟರಮಣಸ್ವಾಮಿ ಮುಂದೆ ಹಿಡ್ಕಂಡು ತಿರುಗ್ತೀಯಾ? ಅಮ್ಮೋ, ವದ್ದು, ಬ್ಯಾಡವೇ ಬ್ಯಾಡ. ಮನೆತನಕ್ಕೇ ತಗಲ್ತೈತೆ.”

ನಾನು ಮಧ್ಯೆ ಬಾಯಿ ಹಾಕಿದೆ. ಅವು ಪೂಜೆಗೆ ಕೂರಿಸಿದ ದೇವರಲ್ಲ, ಉಗಿಯಬಾರದು ಎಂದು ಅಂಟಿಸಿದ ಟೈಲ್ಸ್ ಎಂದು ಬಿಡಿಸಿ ಹೇಳಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಹುಶಃ ಶಿಲುಬೆ ನೆನಪಾಗಿರಬೇಕು.

“ಉಗುದಿದ್ರೆ ಒಂದ್ ಬಕೆಟ್ ನೀರಾಗೆ ಹೋಗ್ತಿತ್ತಮ್ಮಾ,” ಎಂದರು. “ಇದು ಹೋಗ್ತೈತಾ?”

ನಾವಿಬ್ಬರೂ ಅಷ್ಟೊಂದು ಹೆದರಿದ್ದ ಆ ಕೆಂಪು ಗೋಡೆ ಆಕೆಗೆ ಒಂದು ಬಕೆಟ್ ನೀರಿನ ಮಾತು! ಅದನ್ನು ಹಾಗೇ ಬಿಟ್ಟಿದ್ದರೆ ಹುಡುಗಿಗೆ ಮನೆ ಉಳಿಯುತ್ತಿತ್ತು.

ಕೆಳಗೆ ಹೋಗಿ ಓನರ್‌ನ ಕೇಳಿದೆ, ಟೈಲ್ಸ್ ತೆಗೆಸಿ ಎಂದು. ಅವರು ಎರಡೂ ಕಿವಿ ಮುಚ್ಚಿಕೊಂಡರು. “ಏನ್ ಮೇಡಂ, ಓದಿದೋರು ಇಂಗಂತೀರಾ? ದೇವ್ರನ್ನ ಕೀಳಕಾಯ್ತದಾ?” ಕೂರಿಸಿದ ಗಾರೆಯವನನ್ನೇ ಹಿಡಿದೆ. ಅವನು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು, “ಈ ಕೈ ಬಿದ್ದೋದ್ರೆ ನಮ್ಮನೇಲಿ ಉಣ್ಣಕ್ಕಿಕ್ಕೋರ್ಯಾರು ಮೇಡಂ?” ಎಂದ. ಮೇಷ್ಟರು, ಎಂದಿನಂತೆ, ಹೂಂ ಎಂದರು. ಅಮ್ಮನಿಗೆ.

ಸೀಮಂತ ದೊಡ್ಡ ಮನೆಯಲ್ಲೇ ಎಂದಾಯಿತು. ಲಗೇಜ್ ಆಟೋ ಬಂತು. ಮಂಚ, ಗ್ಯಾಸು, ಸ್ಟೀಲ್ ಡಬ್ಬಗಳು ಒಂದೊಂದಾಗಿ ದೇವರ ಮುಂದೆ ಇಳಿದವು. ಸಾಮಾನು ಹೊರುವವರು ಚಪ್ಪಲಿ ಬಿಚ್ಚದೆ ಓಡಾಡುತ್ತಿದ್ದರು, ಅವರಿಗೆ ಆಂಟಿ ಏನೂ ಅನ್ನಲಿಲ್ಲ. ತೂಕದ ಕೆಲಸ, ಪಾಪ. ಓನರ್ ಆಗಲೇ ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂದು ಬೋರ್ಡು ಕಟ್ಟಿಸುತ್ತಿದ್ದರು. ಕೆಳಗೆ ಸಣ್ಣಕ್ಷರದಲ್ಲಿ ‘ಶುಚಿತ್ವ ಕಾಪಾಡುವವರಿಗೆ ಮಾತ್ರ’. ನಾನೂ ಆಮೇಲೆ ಅಲ್ಲಿ ಹೆಚ್ಚು ದಿನ ಇರಲಿಲ್ಲ. ಈಗ ಇರುವ ಮನೆಗೆ ಮೆಟ್ಟಿಲಿಲ್ಲ, ಬೆಟ್ಟ ಕಾಣುವ ಕಿಟಕಿಯೂ ಇಲ್ಲ.

ಎಲ್ಲ ಖಾಲಿಯಾದ ಮೇಲೆ ಹುಡುಗಿ ನನ್ನ ಕಾಲು ಮುಟ್ಟಲು ಬಂದಳು. ಬಗ್ಗಲು ಆಗುತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. “ಇಂಗ್ಲಿಷ್ ಪೇಪರು?” ಎಂದೆ. ಈ ಹೊತ್ತಿನಲ್ಲಿ ಕೇಳುವಂಥದ್ದಲ್ಲ, ಆದರೆ ಬೇರೆ ಏನೂ ಬಾಯಿಗೆ ಬರಲಿಲ್ಲ. ಅವಳು ಖಾಲಿ ಮನೆಯ ಬಾಗಿಲು ಎಳೆದು ಬೀಗ ಹಾಕಿದಳು. ಜಗ್ಗಿ ನೋಡಿದಳು. ಮತ್ತೆ ತೆಗೆದು, ಮತ್ತೆ ಹಾಕಿದಳು. ಓನರ್ ಕೆಳಗಿನ ಮೆಟ್ಟಿಲಲ್ಲಿ ಕೀಗಾಗಿ ಕೈ ಚಾಚಿಕೊಂಡೇ ನಿಂತಿದ್ದರು.

ಬರಿಗಾಲಿನಲ್ಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚಪ್ಪಲಿಯೂ ಕೀಯೂ ಹಿಡಿದು ಇಳಿದಳು. ತಿರುವಿನ ಆಚೆಯಿಂದ ಅತ್ತೆ, “ದೇವರಿಗೆ ಮೊಕ್ಕು ತಲ್ಲಿ, ಕೈ ಮುಗುದು ಬಾ,” ಎಂದರು. ಹುಡುಗಿ ನಿಂತಳು. ಮುಗಿಯಲು ಎರಡು ಕೈ ಬೇಕು, ಬೀಳದಿರಲು ಒಂದು ಬೇಕು. ಎಣ್ಣೆ ಮತ್ತೆ ಆಗಲೇ ಹರಿದಿತ್ತು. ಅವಳು ಗಣಪತಿಯಿಂದ ಶಿಲುಬೆಯವರೆಗೆ ಸಾಲನ್ನು ಒಮ್ಮೆ ನೋಡಿದಳು. ಚಪ್ಪಲಿಯನ್ನು ಅವರೆಲ್ಲರ ಎದುರಿಗೆ, ದೀಪದ ಪಕ್ಕದಲ್ಲಿ, ಜೋಡಿಯಾಗಿ ಕೆಳಗೆ ಹಾಕಿದಳು. ಒಂದೊಂದೇ ಕಾಲು ತೂರಿಸಿದಳು. ಆಂಟಿ “ಅಯ್ಯಯ್ಯೋ” ಎಂದರು, ಓನರ್ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅವಳು ಕೀಯನ್ನು ಕಂಬಿಯ ಮೇಲಿಟ್ಟು, ಟಪ್ ಟಪ್ ಎಂದು ಉಳಿದ ಮೆಟ್ಟಿಲು ಇಳಿದು, ಒಮ್ಮೆಯೂ ಜಾರದೆ, ಬಿಸಿಲಿಗೆ ಹೋದಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದೇ.